ಎಲ್ಡನ್ ಪೈಕನಿಗೆ ಡಾಂಬರು ಬಳಿಯುವ ದೃಶ್ಯ

ಎಲ್ಡನ್ ಪೈಕನಷ್ಟು ಪುಕ್ಕಲು ಮನುಷ್ಯ ವೆಂಡಲ್ಸ್ ಕೋವ್‌ನಲ್ಲಿ ಇನ್ನೊಬ್ಬನಿರಲಿಲ್ಲ. ನಾಯಿ ಕಂಡರೆ ಹೆದರಿಕೆ, ಏಣಿ ಕಂಡರೆ ಹೆದರಿಕೆ, ಫೋನು ಬಡಿದುಕೊಂಡರೆ ಹೆದರಿಕೆ. ಅಂಗಡಿಯ ಸಾಲಿನಲ್ಲಿ ಹಿಂದಿನವರು ಸ್ವಲ್ಪ ಒತ್ತಿಕೊಂಡು ನಿಂತರೆ ಸಾಕು, ಹಾಲಿನ ಡಬ್ಬಿಯನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಡುತ್ತಿದ್ದ. ಇಂಥ ಮನುಷ್ಯನ ಕೈ ಕಟ್ಟಿ, ಬೇಲಿಯಿಂದ ಕಿತ್ತ ಉದ್ದನೆಯ ಮರದ ಮೇಲೆ ಕೂರಿಸಿ ಹೆಗಲಿಗೇರಿಸಿ, ಊರಿಗೆ ಊರೇ ಸುತ್ತ ನಿಂತು ಕಿರುಚುತ್ತ ಮೆರವಣಿಗೆ ಮಾಡುತ್ತಿತ್ತು, ಅದೂ ವರ್ಷವರ್ಷ, ಅವನ ಜೀವಮಾನವಿಡೀ. ಅವನು ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಅವನಿಗೆ ಹೆದರಿಕೆಯೇ!

ನಮ್ಮೂರ ಸ್ವಾತಂತ್ರ್ಯದ ನಾಟಕಕ್ಕೆ ಬೇರೆ ರಂಗಮಂದಿರವಿಲ್ಲ. ಜುಲೈ ತಿಂಗಳ ಮಧ್ಯಾಹ್ನ ಚರ್ಚಿನ ಮುಂದಿನ ಹುಲ್ಲುಬಯಲೇ ರಂಗ. ರೈತ ಅರ್ಧ ಉತ್ತ ಹೊಲದಲ್ಲಿ ನೇಗಿಲು ಬಿಟ್ಟು ಕೋವಿ ಹಿಡಿಯುತ್ತಾನೆ. ಹೆಂಗಸರು ಅತ್ತೆ ಕಾಲದ ತವರದ ತಟ್ಟೆಗಳನ್ನು ಕರಗಿಸಿ ಗುಂಡು ಎರೆಯುತ್ತಾರೆ. ಔಷಧಿ ಅಂಗಡಿಯವನು ಚರ್ಚಿನ ಮೆಟ್ಟಿಲ ಮೇಲೆ ನಿಂತು, ಇನ್ನು ನಾವು ಯಾವ ದೊರೆಯ ಪ್ರಜೆಗಳೂ ಅಲ್ಲ ಎಂದು ಘೋಷಣೆ ಓದುತ್ತಾನೆ. ನಾಟಕ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸ್ ಊಟ. ಅಲ್ಲಿ ದೃಶ್ಯಕ್ಕೊಂದರಂತೆ ಗಾಜಿನ ಜಾಡಿ ಇಟ್ಟಿರುತ್ತಾರೆ. ಉಂಡವರೆಲ್ಲ ಒಂದೊಂದು ಒಣ ಬೀನ್ಸ್ ಕಾಳನ್ನು ತಮಗೆ ಇಷ್ಟವಾದ ದೃಶ್ಯದ ಜಾಡಿಗೆ ಹಾಕಬೇಕು. ಔಷಧಿ ಅಂಗಡಿಯವನು ಎಷ್ಟೇ ಗಂಟಲು ಹರಿದುಕೊಳ್ಳಲಿ, ಅವನ ಜಾಡಿಯ ತಳ ಮುಚ್ಚುತ್ತಿರಲಿಲ್ಲ. ಮೊದಲು ತುಂಬುತ್ತಿದ್ದದ್ದು ಡಾಂಬರಿನ ಜಾಡಿ. ದೊರೆಯ ಕಡೆಯ ಸುಂಕದವನಾದ ಜೋನಾಸ್ ಕ್ರೂ ಎಂಬವನನ್ನು ಜನ ಮನೆಯಿಂದ ಎಳೆದು ತಂದು, ಮೈಗೆ ಡಾಂಬರು ಬಳಿದು, ಕೋಳಿಪುಕ್ಕ ಅಂಟಿಸುವ ದೃಶ್ಯ ಅದು. ಆ ಜೋನಾಸ್ ಕ್ರೂ ನಮ್ಮ ಎಲ್ಡನ್.

"ಏನ್ ಹೆದರ್ತಾನಪ್ಪ ನಮ್ ಎಲ್ಡನ್! ಆ ಕಣ್ಣು ನೋಡಿದ್ರಾ? ದುಡ್ಡು ಕೊಟ್ಟು ಕರೆಸಿದ್ರೂ ಇಂಥ ನಟ ಸಿಗಲ್ಲ" ಎಂದು ಜನ ಕಾಳು ಹಾಕುತ್ತಿದ್ದರು.

ಅಯ್ಯೋ, ಅವನು ನಟಿಸಿದ್ದು ಯಾವಾಗ? ಮೊದಲ ಸಲ ಆ ಪಾತ್ರ ಅವನ ತಲೆಗೆ ಬಿದ್ದದ್ದೇ ಬೇರೆ ಯಾರೂ ಮೈಗೆ ಕಾಕಂಬಿ ಬಳಿಸಿಕೊಳ್ಳಲು ಒಪ್ಪದ್ದಕ್ಕೆ. ಹೌದು, ನಾಟಕದ ಡಾಂಬರು ಬರೀ ಕಾಕಂಬಿ, ಬೀನ್ಸಿಗೆ ಹಾಕುವ ಅದೇ ಕಪ್ಪು ಪಾಕ, ಬಿಸಿನೀರಿನಲ್ಲಿ ತೆಳ್ಳಗೆ ಮಾಡಿದ್ದು. ಆದರೆ ಎಲ್ಡನ್ ದೋಣಿ ಕಟ್ಟುವ ಶೆಡ್ಡಿನಲ್ಲಿ ಹುಟ್ಟಿ ಬೆಳೆದವನು. ಕುದಿಯುವ ಡಾಂಬರು ಚರ್ಮಕ್ಕೆ ಏನು ಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಅವನಪ್ಪನ ಎಡಗೈಯ ಮೇಲೆ ಅದು ಚೆಲ್ಲಿತ್ತು, ತೆಗೆಯಲು ಹೋದಾಗ ಚರ್ಮವೂ ಅದರ ಜೊತೆಗೇ ಬಂದಿತ್ತು. ಆಮೇಲೆ ಆ ಕೈಯ ಬೆರಳುಗಳು ಬಿಡಿಸಿಕೊಳ್ಳಲೇ ಇಲ್ಲ. ಅಪ್ಪ ಆ ಕೈಯಿಂದಲೇ ಅವನ ತಲೆ ಸವರುತ್ತಿದ್ದ.

ಹಾಗಾಗಿ ಮೊದಲ ವರ್ಷ ಬೇಲಿಮರದ ಮೇಲೆ ಕೂತು ಕಪ್ಪು ಬಕೆಟ್ಟು ಹತ್ತಿರ ಬರುವುದನ್ನು ನೋಡಿದಾಗ ಎಲ್ಡನ್ನನ ಜೀವ ಬಾಯಿಗೆ ಬಂದಿತ್ತು. ಕಾಕಂಬಿ ಎಂದು ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಸುತ್ತ ಇದ್ದ ಮುಖಗಳು, ದಿನವೂ ನಮಸ್ಕಾರ ಹೇಳುವ ಅದೇ ಮುಖಗಳು, ಹಲ್ಲು ಕಿರಿದು ಕೂಗುತ್ತಿದ್ದವು. ಒಂದೆರಡು ಸಲ ಕುಂಚ ಎಳೆದು ನಾಲ್ಕು ಪುಕ್ಕ ಅಂಟಿಸಿದ್ದರಷ್ಟೇ, ಗುಂಪಿನ ಮುಂದಿನಿಂದ ಒಂದು ಹೆಣ್ಣು ದನಿ ಎಲ್ಲರ ದನಿಯನ್ನೂ ಸೀಳಿಕೊಂಡು ಬಂತು: "ಸಾಕು, ಈ ನಾಯೀನ ಬಿಡ್ರೋ!" ಮರ ಹೊತ್ತವರು ಗಕ್ಕನೆ ನಿಂತರು, ಅವನನ್ನು ಇಳಿಸಿದರು. ಚಪ್ಪಾಳೆ.

ಆ ದನಿಯ ಒಡತಿ ಲೋರ್ನಾ. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲದ ಮೇಲೆ ಮಾತಾಡಿ ಮಾತಾಡಿ ಬಲಿತ ಗಂಟಲು. ಮರುವರ್ಷವೂ ಅವಳದೇ ಕೂಗು, ಅದರ ಮರುವರ್ಷ ಮದುವೆ. ಅಲ್ಲಿಂದ ಮುಂದೆ ಎಲ್ಡನ್ನನ ಜೀವ ನಿಂತಿದ್ದದ್ದು ಆ ಒಂದು ಮಾತಿನ ಮೇಲೆ. ನಾಟಕದ ದಿನ ಬೆಳಿಗ್ಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಷರ್ಟಿನ ಗುಂಡಿ ಹಾಕಲು ಬೆರಳು ಬಗ್ಗುತ್ತಿರಲಿಲ್ಲ. ಆದರೆ ಗುಂಪಿನಲ್ಲಿ ಲೋರ್ನಾ ಇದ್ದಾಳೆ, ಅವಳು ಸಾಕು ಅಂದ ಕೂಡಲೇ ಎಲ್ಲ ನಿಲ್ಲುತ್ತದೆ ಎಂಬ ಧೈರ್ಯದಲ್ಲಿ ಹೋಗಿ ಕೂರುತ್ತಿದ್ದ. ತನಗೆ ನಿಜವಾಗಿ ಹೆದರಿಕೆಯಾಗುತ್ತದೆಂದು ಅವಳಿಗೂ ಹೇಳಿರಲಿಲ್ಲ. ಹೆಂಡತಿ ನಕ್ಕರೆ ಏನು ಗತಿ?

ಹೋದ ಚಳಿಗಾಲ ಲೋರ್ನಾಳ ಕುತ್ತಿಗೆಯ ಗಂಟು ತೆಗೆದರು. ಗಂಟಿನ ಜೊತೆ ದನಿಯೂ ಹೋಯಿತು. ಉಳಿದದ್ದು ಕಿವಿಗೆ ಬಾಯಿಟ್ಟರೆ ಮಾತ್ರ ಕೇಳುವ ಒಂದು ಪಿಸುಮಾತು.

ಅಂಥ ವರ್ಷವೇ ದೇಶದ ಸ್ವಾತಂತ್ರ್ಯಕ್ಕೆ ಇನ್ನೂರೈವತ್ತು ವರ್ಷ ತುಂಬಬೇಕೆ! ನಾಟಕ ಭರ್ಜರಿಯಾಗಬೇಕೆಂದು ಸಮಿತಿ ಬಾಸ್ಟನ್ನಿನಿಂದ ಬ್ರಾಡಿ ಎಂಬ ನಿರ್ದೇಶಕನನ್ನು ಕರೆಸಿತು. ಅವನು ಬಂದವನೇ ಹುಲ್ಲುಬಯಲು ಸಾಲದು ಎಂದ. ಮೆರವಣಿಗೆ ದೋಣಿಗಳು ನಿಲ್ಲುವ ದಕ್ಕೆಯವರೆಗೂ ಹೋಗಬೇಕು, ಗುಂಪಿಗೆ ಪಕ್ಕದ ಊರುಗಳಿಂದ ಹಳೇ ಕಾಲದ ವೇಷ ಹಾಕುವ ಹವ್ಯಾಸದವರು ಬರಬೇಕು, ತಮಟೆ ಬೇಕು.

"ಮತ್ತೆ ವಾಸನೆ!" ಎಂದ ಬ್ರಾಡಿ. "ಜನಕ್ಕೆ ಡಾಂಬರಿನ ವಾಸನೆ ಹೊಡೀಬೇಕು. ದಕ್ಕೆ ಮೇಲೆ ಒಂದು ಕಡಾಯೀಲಿ ನಿಜವಾದ ಡಾಂಬರು ಕುದೀತಾ ಇರುತ್ತೆ. ಪಕ್ಕದಲ್ಲಿ ನಮ್ಮ ಕಾಕಂಬಿ."

ಅದನ್ನು ಕೇಳಿದ ಎಲ್ಡನ್ ಸಮಿತಿಯ ಹಿರಿಯ, ಕಬ್ಬಿಣದ ಅಂಗಡಿಯ ವಿನ್ಸ್ಲೋ ಸ್ಟಿಕ್ನಿಯ ಬಳಿ ಹೋಗಿ ಟೊಪ್ಪಿಗೆ ಹಿಂಡುತ್ತ ನಿಂತ.

"ಸ್ಟಿಕ್ನಿಯವ್ರೇ, ಎರಡು ಕಡಾಯಿ ಅಕ್ಕಪಕ್ಕ ಇದ್ರೆ... ಯಾರಾದ್ರೂ ಗೊತ್ತಿಲ್ದೆ..."

"ಏ ಮಾರಾಯ, ಕಣ್ಣಿಲ್ವಾ ಅವ್ರಿಗೆ? ಬಕೆಟ್ಟು ಹೊರೋರಿಗೆ ಹೇಳಿರ್ತೀವಿ ಬಿಡು. ಏನು, ಹೆದರ್ಕೊಂಡ್ಯಾ?"

"ಛೆ ಛೆ, ಇಲ್ಲ" ಎಂದುಬಿಟ್ಟ ಎಲ್ಡನ್. ಅವನ ಬಾಯಿಗೆ ಬರುತ್ತಿದ್ದದ್ದು ಅದೊಂದೇ ಸುಳ್ಳು, ಅದನ್ನು ಅವನು ಎಷ್ಟು ಸಲ ಹೇಳಿದ್ದನೋ.

ಲೋರ್ನಾಳ ಮಾತನ್ನು ಬೇಕರಿಯ ಕಾರ್ಲಾಳಿಗೆ ಕೊಟ್ಟರು. ಪುಕ್ಕವನ್ನೆಲ್ಲ ಹಾರಿಸಿ ಮುಗಿದ ಮೇಲೆ ಕೂಗಬೇಕು ಎಂದು ಬ್ರಾಡಿ ಅವಳಿಗೆ ಹೇಳಿಕೊಟ್ಟ. ಲೋರ್ನಾಳಿಗೆ ದಕ್ಕೆಯ ಅಂಚಿನಲ್ಲಿ ಮಡಚುವ ಕುರ್ಚಿ.

ನಾಟಕದ ದಿನ ಬಂತು. ಎಲ್ಡನ್ ಮೂರನೆಯ ಸಲ ಕಕ್ಕಸಿಗೆ ಹೋಗಿ ಬಂದಾಗ ಲೋರ್ನಾ ಬಾಗಿಲ ಬಳಿ ನಿಂತಿದ್ದಳು. ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

ಮೆರವಣಿಗೆ ಹೊರಟಾಗಲೇ ಎಲ್ಡನ್ನನಿಗೆ ಇದು ಮಾಮೂಲಿನಂತಿಲ್ಲ ಎಂದು ತಿಳಿಯಿತು. ಸುತ್ತ ಒಂದೂ ಗುರುತಿನ ಮುಖವಿಲ್ಲ. ಮರ ಹೊತ್ತವರು ದಾಂಡಿಗರು, ತಮಟೆಯ ಹೊಡೆತಕ್ಕೆ ಹೆಜ್ಜೆ ಹಾಕಿ ಅವನನ್ನು ಎತ್ತಿ ಎತ್ತಿ ಕುಕ್ಕುತ್ತಿದ್ದರು. ತೊಡೆಯ ಸಂದಿ ಉರಿಯುತ್ತಿತ್ತು, ಕಟ್ಟಿದ ಹಗ್ಗ ಮಣಿಕಟ್ಟನ್ನು ಕೊಯ್ಯುತ್ತಿತ್ತು. "ಬಳೀರಿ, ಬಳೀರಿ!" ಎಂದು ರಸ್ತೆಯ ಎರಡೂ ಕಡೆ ಕೂಗು. ದಕ್ಕೆ ಹತ್ತಿರವಾದಂತೆ ವಾಸನೆ ಬಂತು. ಅಪ್ಪನ ಶೆಡ್ಡಿನ ವಾಸನೆ.

ಗಾಳಿ ಸಮುದ್ರದ ಕಡೆಯಿಂದ ಬೀಸಿ ಎರಡೂ ಕಡಾಯಿಗಳನ್ನು ಹೊಗೆ ಮುಚ್ಚಿತ್ತು. ಬಕೆಟ್ಟು ಹೊರಬೇಕಾಗಿದ್ದ ನಮ್ಮೂರ ಹುಡುಗರು ಜನರ ನೂಕಾಟದಲ್ಲಿ ಹಿಂದೆ ಸಿಕ್ಕಿಕೊಂಡಿದ್ದರು. ಕೆಂಪು ಗಡ್ಡದ ಪರವೂರಿನವನೊಬ್ಬ, ಉತ್ಸಾಹ ನೋಡಿ ಅವನದು, ತಾನೇ ಬಕೆಟ್ಟು ಎತ್ತಿಕೊಂಡು ಹೊಗೆಯೊಳಗೆ ನುಗ್ಗಿದ. ಒಂದು ಕಡಾಯಿಯಿಂದ ಮೊಗೆದುಕೊಂಡು, ಕುಂಚ ಅದ್ದಿಕೊಂಡು, ನಗುತ್ತ ಬಂದ.

ಬಕೆಟ್ಟು ಇನ್ನೂ ದೂರವಿದ್ದಾಗಲೇ ಎಲ್ಡನ್ನನ ಮೂಗಿಗೆ ಗೊತ್ತಾಯಿತು. ಕಾಕಂಬಿಗೆ ಸಿಹಿ ವಾಸನೆ. ಇದಕ್ಕೆ ಆ ಸಿಹಿಯಿರಲಿಲ್ಲ.

"ಅದಲ್ಲ!" ಎಂದು ಕಿರುಚಿದ. "ಅದಲ್ಲ ಕಣಯ್ಯಾ, ಅದು ಬೇರೆ ಕಡಾಯೀದು! ನಿಜವಾದ ಡಾಂಬರು! ನಿಲ್ಸಿ!"

ಗುಂಪು ಹೋ ಎಂದಿತು. "ಕೇಳ್ರಪ್ಪಾ, ನಿಜವಾದ ಡಾಂಬರಂತೆ! ಮತ್ತೇನು ಪಾಯಸ ಬಳೀತಾರೇನೋ ನಿಂಗೆ?" ಎಂದು ಯಾರೋ ಕೂಗಿದರು. ನಗು, ಚಪ್ಪಾಳೆ. ದಕ್ಕೆಯ ಮೇಲಿದ್ದ ಬ್ರಾಡಿ ಎರಡೂ ಕೈ ಎತ್ತಿ ಭೇಷ್ ಎಂದು ಸನ್ನೆ ಮಾಡಿದ.

"ದಮ್ಮಯ್ಯ, ನಾಟಕ ಅಲ್ಲ! ನಾನು ಎಲ್ಡನ್! ಎಲ್ಡನ್ ಪೈಕ್! ನಂಗೆ ಹೆದರಿಕೆ ಆಗ್ತಿದೆ!"

ಜೀವಮಾನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಬಂದಿತ್ತು, ಅದಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಕೂಗಿದಷ್ಟೂ ಚೆನ್ನಾಗಿ ಮಾಡುತ್ತಿದ್ದಾನೆ ಎನ್ನುವ ಜನಕ್ಕೆ ಏನೆಂದು ಹೇಳುವುದು? ಕಾರ್ಲಾ ಪುಕ್ಕದ ದಿಂಬನ್ನು ಅಪ್ಪಿಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಕೆಂಪು ಗಡ್ಡದವನು ಬಂದು ಬಕೆಟ್ಟಿನ ಹಿಡಿಯನ್ನು ಮೊಣಕೈಗೆ ಸಿಕ್ಕಿಸಿ, ಅವನ ಅಂಗಿಯ ಕೊರಳಪಟ್ಟಿ ಜಗ್ಗಿ ಕುಂಚ ಎತ್ತಿದ. ಎಲ್ಡನ್ ಕಣ್ಣು ಮುಚ್ಚಿದ. ಅಪ್ಪನ ಮುದುಡಿದ ಬೆರಳುಗಳು ಕಂಡವು.

ಕುಂಚ ಮೈಗೆ ತಾಗಲಿಲ್ಲ.

ಕಣ್ಣು ಬಿಟ್ಟಾಗ ಲೋರ್ನಾ ಅವರಿಬ್ಬರ ನಡುವೆ ಇದ್ದಳು. ದನಿಯಿಲ್ಲದವಳು, ಆ ನೂಕುನುಗ್ಗಲಿನಲ್ಲಿ ಮೊಣಕೈಯಿಂದಲೇ ದಾರಿ ಮಾಡಿಕೊಂಡು ಬಂದಿದ್ದಳು. ಎರಡೂ ಕೈಯಲ್ಲಿ ಕೆಂಪು ಗಡ್ಡದವನ ಮಣಿಕಟ್ಟನ್ನು ಹಿಡಿದು ಜೋತುಬಿದ್ದಿದ್ದಳು. ಬಕೆಟ್ಟು ವಾಲಿ ಒಂದಷ್ಟು ಕೆಳಗೆ, ಅವಳ ಕಾಲ ಬಳಿ ಚೆಲ್ಲಿತು. ಅವನು ಇದೂ ನಾಟಕವಿರಬೇಕೆಂದುಕೊಂಡು ನಗುತ್ತ ಹಿಂದೆ ಸರಿದ. ಲೋರ್ನಾ ತಿರುಗಿ ಗಂಡನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮರ ಹೊತ್ತವರು ಏನೂ ತೋಚದೆ ಅವನನ್ನು ಇಳಿಸಿದರು. ಅವಳು ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಸಾಕು. ಈ ನಾಯೀನ ಬಿಡ್ರೋ."

ಎಲ್ಡನ್ ಅವಳ ಭುಜಕ್ಕೆ ಹಣೆ ಹಚ್ಚಿ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಅತ್ತದ್ದಕ್ಕೂ ಚಪ್ಪಾಳೆ ಹೊಡೆದರು, ಪುಣ್ಯಾತ್ಮರು!

ಸಂಜೆ ನೆಲಮಾಳಿಗೆಯಲ್ಲಿ ಬೀನ್ಸ್ ಊಟ. ಎಲ್ಡನ್ ತಟ್ಟೆ ಮುಟ್ಟಿರಲಿಲ್ಲ. ಬೀನ್ಸಿನ ಮೇಲೆ ಅದೇ ಕಪ್ಪು ಪಾಕ ಹೊಳೆಯುತ್ತಿತ್ತು. ವಿನ್ಸ್ಲೋ ಸ್ಟಿಕ್ನಿ ಹೊಸದೊಂದು ಜಾಡಿಯನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ‘ಲೋರ್ನಾ’ ಎಂದಿತ್ತು. ನೋಡನೋಡುತ್ತಿದ್ದಂತೆ ಅದು ಕಂಠಮಟ್ಟ ತುಂಬಿತು.

"ಇಂಥ ದೃಶ್ಯ ನಮ್ಮೂರು ಕಂಡಿಲ್ಲ" ಎಂದು ವಿನ್ಸ್ಲೋ ಲೋಟ ಬಡಿದು ಶುರು ಮಾಡಿದ. "ಮುಂದಿನ ವರ್ಷದಿಂದ ಇದನ್ನ ನಾಟಕದ ಪುಸ್ತಕಕ್ಕೇ ಸೇರಿಸ್ತೀವಿ. ನಮ್ ಲೋರ್ನಾಗೆ ಇದು ಹೊಸದೇನಲ್ಲ ಬಿಡಿ. ಆ ‘ಸಾಕು, ಈ ನಾಯೀನ ಬಿಡ್ರೋ’ ಅನ್ನೋ ಮಾತು ಮೊದ್ಲು ಪುಸ್ತಕದಲ್ಲಿ ಎಲ್ಲಿತ್ತು? ಆ ವರ್ಷ ಗುಂಪಲ್ಲಿ ನಿಂತಿದ್ದ ಹುಡುಗಿ ಬಾಯಿಗೆ ಬಂದಂಗೆ ಕೂಗಿದ್ಲು. ಚೆನ್ನಾಗಿದೆ ಅಂತ ನಾವೇ ಬರ್ಕೊಂಡ್ವಿ!"

ಎಲ್ಲರೂ ನಕ್ಕರು. ಎಲ್ಡನ್ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಪುಸ್ತಕದಲ್ಲಿ ಇರ್ಲಿಲ್ವಾ?"

ಅವಳು ಅವನ ಕಿವಿಗೆ ಬಗ್ಗಿದಳು. "ನಿನ್ ಮುಖ ಸುಣ್ಣ ಆಗಿತ್ತು. ಯಾರೋ ಪಾಪ, ನಿಜವಾಗ್ಲೂ ಹೆದರ್ಕೊಂಡಿದಾನೆ ಅನ್ನಿಸ್ತು. ಕೂಗ್ದೆ."

"ಮತ್ತೆ ಇಷ್ಟು ವರ್ಷ?"

"ಇಷ್ಟು ವರ್ಷಾನೂ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಎಲ್ಡನ್ ಎದ್ದು ನಿಂತ. ಮೇಜಿನ ಅಂಚು ಹಿಡಿದುಕೊಂಡ. "ಅದನ್ನ ಸೇರಿಸ್ಬೇಡಿ" ಎಂದ. "ಅದು ನಾಟಕ ಆಗಿರ್ಲಿಲ್ಲ. ನಂಗೆ ಹೆದರಿಕೆ ಆಗಿತ್ತು. ಪ್ರತೀ ವರ್ಷ ಆಗುತ್ತೆ."

"ಅದಕ್ಕೇ ಕಣೋ ನೀನಂದ್ರೆ ನಮಗೆ ಪ್ರಾಣ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು.

ಲೋರ್ನಾ ಬಗ್ಗಿ ಬಲಗಾಲಿನ ಬೂಟು ಬಿಚ್ಚಿದಳು. ತಂದು ವಿನ್ಸ್ಲೋನ ಮುಂದೆ, ತುಂಬಿದ ಜಾಡಿಯ ಪಕ್ಕ, ಊಟದ ಮೇಜಿನ ಮೇಲೇ ಇಟ್ಟಳು. ಬೂಟಿನ ತುದಿಯ ತೊಗಲು ಸುಟ್ಟು ಮುದುಡಿತ್ತು. ಅದರ ಮೇಲೆ ಕಪ್ಪಗೆ ಒಂದು ಹೆಪ್ಪು. ವಿನ್ಸ್ಲೋ ಕಾಕಂಬಿ ಇರಬೇಕೆಂದು ಬೆರಳಿನಿಂದ ಒತ್ತಿ ನೋಡಿದ. ಉಗುರಿನಿಂದ ಕೆರೆದ. ಅದು ಕಲ್ಲಿನಂತೆ ಕೂತಿತ್ತು. ಮೂಗಿನ ಹತ್ತಿರ ಹಿಡಿದ. ಅವನ ಮುಖದ ನಗು ಇಳಿಯಿತು.

"ಇದು..." ಎಂದ. ಎಲ್ಡನ್ನನ ಕತ್ತಿನ ಕಡೆ ನೋಡಿದ. "ದೇವ್ರೇ. ಇದನ್ನ ನಿನಗೆ..."

ಬೂಟು ಕೈಯಿಂದ ಕೈಗೆ ಹೋಯಿತು. ಹೋದಲ್ಲೆಲ್ಲ ಮಾತು ನಿಂತಿತು. ಕಾರ್ಲಾ ಮುಖ ಮುಚ್ಚಿಕೊಂಡಿದ್ದಳು. ವಿನ್ಸ್ಲೋ ಜಾಡಿ ಎತ್ತಿಕೊಂಡು ಹೋಗಿ ಕಾಳನ್ನೆಲ್ಲ ಅಡುಗೆಮನೆಯ ಚೀಲಕ್ಕೆ ಸುರಿದು ಬಂದ. ಎಲ್ಡನ್ನನ ಎದುರು ನಿಂತು ಅವನ ಭುಜ ಮುಟ್ಟಿದ.

"ಇನ್ಮೇಲೆ ನಾನು ಮರದ ಮೇಲೆ ಕೂರಲ್ಲ ಸ್ಟಿಕ್ನಿಯವ್ರೇ."

"ಬೇಡ ಕಣೋ, ಬೇಡ. ಯಾರನ್ನೂ ಕೂರ್ಸೋದು ಬೇಡ."

"ಜೋನಾಸ್ ಕ್ರೂ ಇಲ್ದೆ ನಾಟಕ ಹೆಂಗಾಗುತ್ತೆ?" ಎಂದ ಎಲ್ಡನ್. "ಬೇರೆ ಯಾರಾದ್ರೂ ಕೂತ್ಕೊಳ್ಲಿ. ಬಕೆಟ್ಟಲ್ಲಿರೋದನ್ನ ಮೊದ್ಲು ನಾನು ಮೂಸಿ ನೋಡ್ತೀನಿ. ಆಮೇಲೆ ಗುಂಪಿನ ಮುಂದೆ ನಿಂತ್ಕೋತೀನಿ. ಲೋರ್ನಾ ಮಾತು ನಂಗೆ ಕೊಡಿ."

ಗಂಡ ಹೆಂಡತಿ ಮನೆಗೆ ಹೊರಟರು. ಲೋರ್ನಾ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಕುಂಟುತ್ತ ಅವನಿಗೆ ಒರಗಿ ನಡೆದಳು. ಹುಲ್ಲುಬಯಲು ಖಾಲಿಯಾಗಿತ್ತು. ನಡುವೆ ಬಂದಾಗ ಎಲ್ಡನ್ ನಿಂತ. ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ಸಾಕು, ಈ ನಾಯೀನ ಬಿಡ್ರೋ" ಎಂದ.

ಲೋರ್ನಾ ಅವನ ಕಿವಿ ಹಿಡಿದು ಹತ್ತಿರ ಎಳೆದಳು. "ಇದು ಯಾರಿಗೆ ಕೇಳುತ್ತೆ? ಜೋರಾಗಿ ಕೂಗು."

ಎಲ್ಡನ್ ಉಸಿರು ಎಳೆದುಕೊಂಡು, ಎದೆ ಬಿರಿಯುವಂತೆ ಕೂಗಿದ. ಬಯಲಿನ ಆಚೆ ಯಾರದೋ ಮನೆಯ ನಾಯಿ ಬೊಗಳಿತು. ಅವನು ಬೆಚ್ಚಿಬಿದ್ದು ಹೆಂಡತಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹೆದರಿಕೆ ಆಯ್ತಾ?" ಎಂದು ಅವಳು ಪಿಸುಗುಟ್ಟಿದಳು.

"ಹೂಂ" ಎಂದ ಎಲ್ಡನ್. "ಆಯ್ತು."