ಬೆಳ್ಳಗಾದ ಉಂಗುರ

ಸುಟ್ಟುಹೋದ ಟ್ಯೂಬ್‌ಲೈಟ್‌ಗಳನ್ನು ಪುಡಿ ಮಾಡಿ, ಆ ಗಾಜಿನಿಂದ ಪಾದರಸ ತೆಗೆಯುವುದು ನನ್ನ ಕೆಲಸ. ಮುಚ್ಚಿದ ಕುಲುಮೆಯಲ್ಲಿ ಗಾಜು ಕಾಯುತ್ತದೆ, ಪಾದರಸ ಹಬೆಯಾಗಿ ಏಳುತ್ತದೆ, ಕೊಳವೆಯೊಂದು ಆ ಹಬೆಯನ್ನು ಎಳೆದುಕೊಂಡು ತಣಿಸುತ್ತದೆ. ಅದು ಘೋರ ವಿಷ. "ಒಂದು ಉಸಿರಿನಷ್ಟೂ ಹೊರಗೆ ಬರುವುದಿಲ್ಲ" ಎಂದು ಹೆಂಡತಿಯ ಮುಂದೆ ಎಷ್ಟು ಸಲ ಜಂಬ ಕೊಚ್ಚಿದ್ದೇನೋ!

ಕೆಲಸದ ಅಂಗಿಯನ್ನು ಕಾರ್ಖಾನೆಯಲ್ಲೇ ಬಿಚ್ಚಿಡಬೇಕೆಂಬುದು ನಿಯಮ. ಆದರೆ ಜೇಬಿನ ಮೇಲೆ ಕಂಪನಿಯ ಗುರುತಿದ್ದ ಆ ನೀಲಿ ಅಂಗಿಯಲ್ಲಿ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವುದೆಂದರೆ ನನಗೊಂದು ಗತ್ತು. ತೊಕ್ಕೊಟ್ಟಿನ ಮನೆಯಲ್ಲಿ ಅವಳು ಅದನ್ನು ಕೈಯಲ್ಲೇ ಒಗೆಯುತ್ತಿದ್ದಳು. ಅವಳಿಗೆ ಆಗ ಏಳು ತಿಂಗಳು. ಎರಡು ಸಲ ಗರ್ಭ ಇಳಿದ ಮೇಲೆ ನಿಂತ ಮಗು.

ಒಂದು ಭಾನುವಾರ ಮಧ್ಯಾಹ್ನ, ಬಟ್ಟೆ ಒಗೆದು ಬಂದವಳು ಬೆರಳು ಚಾಚಿದಳು. ಮದುವೆಯ ಉಂಗುರದ ಅರ್ಧಭಾಗ ತಗಡಿನ ಹಾಗೆ ಬೆಳ್ಳಗಾಗಿತ್ತು.

"ಎಂತ ಇದು? ಇಗರ್ಜಿಯಲ್ಲಿ ಪಾದ್ರಿಗಳಿಂದ ಆಶೀರ್ವಾದ ಮಾಡಿಸಿದ್ದು ಮಾರಾಯ್ರೆ, ಬಿಳಿ ಆಗುವುದು ಎಂತಕ್ಕೆ?"

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅಂಗಿಯ ಮಡಿಕೆಯಲ್ಲಿ ಕೂತಿದ್ದ ಪಾದರಸ ಚಿನ್ನಕ್ಕೆ ಹತ್ತಿತ್ತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಹೇಡಿ ನಾನು.

"ಕೊಡು, ಕಾಯಿಸಿದರೆ ಹೋಗ್ತದೆ" ಎಂದೆ.

ಮಳೆಯ ಇರಚಲು ಹೊಡೆಯುತ್ತಿತ್ತೆಂದು ಅಡುಗೆಮನೆಯ ಕಿಟಕಿ ಮುಚ್ಚಿದ್ದೆವು. ಉಂಗುರವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಬಿಳಿ ಕರಗಿತು, ಹಳದಿ ಮೂಡಿತು.

"ಹೊಸತರ ಹಾಗೆ ಉಂಟು!" ಎಂದು ನಕ್ಕಳು.

ಆ ನಗು ಕೇಳಿದ ಮೇಲೆ ನನ್ನ ತಲೆಗೆ ಹೊಳೆಯಿತು. ಬಿಳಿ ಕರಗಿ ಹೋದದ್ದು ಎಲ್ಲಿಗೆ? ದಿನವೂ ಇದೇ ಕೆಲಸ ಮಾಡುವವನು ನಾನು! ಗ್ಯಾಸ್ ಆರಿಸಿ, ಕಿಟಕಿಯನ್ನು ದಢಾರನೆ ತೆರೆದೆ. "ಎಂತ ಮಾಡ್ತೀರಿ, ಮಳೆ ಒಳಗೆ ಬರ್ತದೆ" ಎಂದು ಅವಳು ಗದರುತ್ತಿದ್ದಂತೆಯೇ ಅವಳನ್ನು ಎಳೆದುಕೊಂಡು ಜಗಲಿಗೆ ಓಡಿದೆ. ಅಲ್ಲಿ ನಿಂತು ಎಲ್ಲವನ್ನೂ ಹೇಳಿದೆ, ಅಂಗಿಯ ಗತ್ತನ್ನೂ ಸೇರಿಸಿ. ಹೇಳುತ್ತಾ ಅತ್ತುಬಿಟ್ಟೆ. ಆಸ್ಪತ್ರೆಗೆ ಹೋಗೋಣ, ಈಗಲೇ ಹೋಗೋಣ ಎಂದು ಅದನ್ನೇ ಹತ್ತು ಸಲ ಹೇಳಿದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು.

"ನಿಮ್ಮಲ್ಲಿ ಹಬೆ ಎಳೆಯಲಿಕ್ಕೆ ಕೊಳವೆ ಉಂಟು ಅಂತ ಹೇಳ್ತಿದ್ದಿರಲ್ಲ" ಎಂದಳು. "ಇಲ್ಲಿ ಎಳೆದದ್ದು ಯಾರು?"