ಬೇನಜೀರಬಾಯಿಯ ಸಹಿ

ಐವತ್ತು ವರ್ಷಗಳ ಹಿಂದೆ ರಾಣೇಬೆನ್ನೂರಿನಲ್ಲಿ ಮದುವೆಯಾದ ಯಾವ ಹೆಣ್ಣಿನ ಫೋಟೋದಲ್ಲೂ ಒಂದು ಮೊಡವೆ ಸಿಗುವುದಿಲ್ಲ. ಅದು ದೇವರ ಕೃಪೆಯಲ್ಲ, ಶಂಭುಲಿಂಗನ ಕೈಚಳಕ. ಚೂಪು ಪೆನ್ಸಿಲು, ಮೂರೇ ಕೂದಲಿನ ಕುಂಚ ಹಿಡಿದು ಕೂತನೆಂದರೆ ಹುಳುಕು ಹಲ್ಲು, ಮೆಳ್ಳಗಣ್ಣು, ಬಕ್ಕತಲೆ ಎಲ್ಲವನ್ನೂ ತಿದ್ದಿಬಿಡುತ್ತಿದ್ದ. “ಟಚಿಂಗ್ ಇಲ್ಲದ ಫೋಟೋ ಅಂದ್ರ ಒಗ್ಗರಣಿ ಇಲ್ಲದ ಸಾರು” ಎನ್ನುತ್ತಿದ್ದ. ತನ್ನ ಕೈ ಕಾಣದಂತೆ ಕೆಲಸ ಮಾಡುವುದೇ ಅವನ ಹೆಮ್ಮೆ. ಊರಿಗೆ ನಾಟಕ ಕಂಪನಿ ಬಂದು ಕ್ಯಾಂಪು ಹಾಕಿದಾಗಲೆಲ್ಲ ನಟನಟಿಯರು ಅವನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು, ಒಂದು ಪ್ರತಿಗೆ ಸಹಿ ಹಾಕಿ ಅವನ ಗೋಡೆಗೆ ಬಿಟ್ಟುಹೋಗುವುದು ಪದ್ಧತಿಯಾಗಿತ್ತು.

ಈಗ ಶಂಭುಲಿಂಗನಿಗೆ ಎಪ್ಪತ್ತಾರು. ಸ್ಟುಡಿಯೋದಲ್ಲಿ ಸೊಸೆ ಜ್ಯೋತ್ಸ್ನಾ ಫ್ಲೆಕ್ಸ್ ಅಂಗಡಿ ನಡೆಸುತ್ತಾಳೆ. ಗೋಡೆಯ ಫೋಟೋಗಳು ಟ್ರಂಕು ಸೇರಿದ್ದವು. ಹೋದ ವರ್ಷ ಜ್ಯೋತ್ಸ್ನಾ ಅವನ್ನು ಒಂದೊಂದಾಗಿ, ಹಳೆಯ ವಸ್ತುಗಳನ್ನು ಹರಾಜು ಹಾಕುವ ಜಾಲತಾಣಕ್ಕೆ ಏರಿಸತೊಡಗಿದಳು. ಪುಣೆಯವನೊಬ್ಬ, ಕೊಲ್ಕತ್ತೆಯವನೊಬ್ಬ ಪೈಪೋಟಿಗೆ ಬಿದ್ದು ಕೊಂಡರು. ಮುದುಕನಿಗೆ ಕೋಡು ಮೂಡಿದವು. ಟ್ರಂಕಿನ ತಳ ಕಂಡಮೇಲೆ ಬೇರೆಯವರ ಮನೆಯ ಗೋಡೆಗಳು ನೆನಪಾದವು. ಮೊದಲು ನೆನಪಾದದ್ದು ಬ್ಯಾಡಗಿಯ ಸಲ್ಮಾಳ ಮನೆ.

ಸಲ್ಮಾಳ ತಾಯಿ ಬೇನಜೀರಬಾಯಿ ಕಂಪನಿಯಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದವಳು. ಮಾತೆಲ್ಲ ಬಾಯಿಪಾಠ, ಓದು ಬರಹ ಸೊನ್ನೆ. ಉಳಿದವರಂತೆ ತಾನೂ ಸಹಿ ಹಾಕಬೇಕೆಂಬ ಹಟಕ್ಕೆ ಹಾರ್ಮೋನಿಯಂ ಮಾಸ್ತರರಿಂದ ತನ್ನ ಹೆಸರೊಂದನ್ನೇ ಬರೆಯಲು ಕಲಿತು, ಶಂಭುಲಿಂಗನ ಎದುರಿಗೇ ನಾಲಿಗೆ ಕಚ್ಚಿ ಹಿಡಿದು ಒಂದು ಫೋಟೋದ ಮೇಲೆ ಬರೆದಿದ್ದಳು. ಬರೆದವಳು ಅದನ್ನು ಗೋಡೆಗೆ ಬಿಡಲಿಲ್ಲ. ಮಗಳಿಗೆಂದು ಎದೆಗವಚಿಕೊಂಡು ಹೋದಳು. ಆಮೇಲೆ ಜೀವಮಾನದಲ್ಲಿ ಪೆನ್ನು ಮುಟ್ಟಲಿಲ್ಲ.

ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬದುಕುವ ಸಲ್ಮಾ ಅದನ್ನು ಮಾರಲು ಮೊದಲು ಒಪ್ಪಲಿಲ್ಲ. ಶಂಭುಲಿಂಗ ಬಿಡಲಿಲ್ಲ.

“ನಿಮ್ಮ ಅಮ್ಮಿ ಹೆಸರು ಇಡೀ ದೇಶ ಓದ್ತೈತಿ, ಮಗಳ. ಇಲ್ಲಿ ಗೋಡಿ ಮ್ಯಾಲ ಯಾರು ನೋಡ್ತಾರ?”

“ಹಂಗಾರ, ಬಂದ ರೊಕ್ಕದಾಗ ಅಮ್ಮಿ ಗೋರಿಗೆ ಹೆಸರಿನ ಕಲ್ಲು ಕೂಡಸ್ತೇನಿ” ಎಂದು ಸಲ್ಮಾ ಕೊನೆಗೆ ಫೋಟೋ ಇಳಿಸಿ, ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. “ಜೋಪಾನ ಕಾಕಾ.”

ಜೋಪಾನ ಸ್ವಲ್ಪ ಅತಿಯೇ ಆಯಿತು. ಸಹಿಯ ಶಾಯಿ ಮಾಸಿ ಚಹಾದ ಕಲೆಯಂತಾಗಿತ್ತು. ಇಷ್ಟು ಮಂಕಾದದ್ದನ್ನು ಯಾರು ಕೊಂಡಾರು? ಶಂಭುಲಿಂಗ ಗಾಜು ಬಿಚ್ಚಿದ. ಫೋಟೋದ ಅಂಚಿನ ಮೇಲೆ ಚೌಕಟ್ಟಿನಂತೆ ಅಂಟಿಕೊಂಡಿದ್ದ ರಟ್ಟನ್ನು ಹಾಗೇ ಬಿಟ್ಟು, ಕಿಟಕಿಯ ಬೆಳಕಿಗೆ ಕೂತು, ಉಸಿರು ಬಿಗಿಹಿಡಿದು, ಹಳೆಯ ಕುಂಚದಿಂದ ಅಕ್ಷರಗಳ ಮೇಲೆಯೇ ಹೊಸ ಶಾಯಿ ತೀಡಿದ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಈ ವಯಸ್ಸಿನಲ್ಲೂ ಕೈ ನಡುಗಲಿಲ್ಲವೆಂದು ಹಿಗ್ಗಿ, ಸೊಸೆಯಿಂದ ಇನ್ನೊಂದು ಚಹಾ ಮಾಡಿಸಿಕೊಂಡು ಕುಡಿದ.

ಹರಾಜಿನ ಮೂರನೆಯ ದಿನ ಜ್ಯೋತ್ಸ್ನಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಕೈಯಲ್ಲಿ ಮೊಬೈಲಿತ್ತು.

“ಮಾವಾರ, ಸಹಿ ಖೊಟ್ಟಿ ಐತಿ ಅಂತ ಯಾರೋ ಬರದಾರ. ದೊಡ್ಡದು ಮಾಡಿ ನೋಡಿದ್ರ ಹಳೇ ಶಾಯಿ ಮ್ಯಾಲ ಹೊಸಾ ಶಾಯಿ ಕಾಣ್ತೈತಂತ. ಹರಾಜಿನಿಂದ ತಗದಹಾಕ್ಯಾರ. ನೀವೇನರ ಮಾಡೀರೇನು?”

“ಟಚಿಂಗ್ ಮಾಡೇನಿ. ಸುಳ್ಳೇನು ಮಾಡೇನಿ?”

“ಮೊಡವಿ ತಗದಂಗಲ್ಲರಿ ಇದು. ಸಹಿ ಅಂದ್ರ ಅವರ ಕೈ. ಅದರ ಮ್ಯಾಲ ನೀವು ನಿಮ್ಮ ಕೈ ಇಟ್ಟೀರಿ.”

ಕಲೆಯ ಗಂಧಗಾಳಿ ಗೊತ್ತಿಲ್ಲದ ಮುಂಡೇವು ಎಂದು ಶಂಭುಲಿಂಗ ಎರಡು ದಿನ ಬೈದಾಡಿದ. ಮೂರನೆಯ ದಿನ ಬೈಗುಳ ಮುಗಿದು ಸಂಕಟ ಉಳಿಯಿತು. ಮಾರಾಟ ತಪ್ಪಿದ್ದಕ್ಕಲ್ಲ. ಬೇನಜೀರಬಾಯಿ ಈ ಭೂಮಿಯ ಮೇಲೆ ಬರೆದಿಟ್ಟು ಹೋದದ್ದು ಇದೊಂದೇ. ಅದನ್ನು ತಾನು ಮುಚ್ಚಿಬಿಟ್ಟಿದ್ದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಒದ್ದೆ ಹತ್ತಿಯಿಂದ ಒರೆಸಲು ನೋಡಿದರೆ ಹೊಸದರ ಜೊತೆ ಹಳೆಯದೂ ಏಳತೊಡಗಿತು. ಗಾಬರಿಯಾಗಿ ಕೈ ಹಿಂದಕ್ಕೆಳೆದ. ಯಾವ ತಪ್ಪನ್ನೂ ತಿದ್ದಬಲ್ಲೆನೆಂದುಕೊಂಡಿದ್ದವನಿಗೆ ಇದೊಂದು ತಿದ್ದಲು ಬರಲಿಲ್ಲ.

ಬ್ಯಾಡಗಿಯ ಬಸ್ಸಿನಲ್ಲಿ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡೇ ಹೋದ. ಸಲ್ಮಾ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು.

“ಬರ್ರಿ ಕಾಕಾ, ಕುಂದ್ರಿ. ಮಾರಾಟ ಆತೇನು?”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಸಬೂಬುಗಳಲ್ಲಿ ಒಂದನ್ನೂ ಹೇಳಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ. ಸಲ್ಮಾ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಫೋಟೋವನ್ನು ನೋಡಿ ಕೇಳಿದಳು:

“ಇದರಾಗ ಅಮ್ಮಿ ಬರದದ್ದು ಯಾವುದು, ನೀವು ಬರದದ್ದು ಯಾವುದು? ತೋರಸ್ರಿ.”

ಶಂಭುಲಿಂಗ ಕನ್ನಡಕ ಏರಿಸಿ ನೋಡಿದ. ತನ್ನ ಕೈ ಕಾಣದಂತೆ ಕೆಲಸ ಮಾಡಿದ್ದ, ಈಗ ಅದು ಅವನಿಗೂ ಕಾಣಲಿಲ್ಲ. ಕಣ್ಣು ಮಂಜಾದವು. ಫೋಟೋವನ್ನು ಅತ್ತಿತ್ತ ಹೊರಳಿಸುವಾಗ, ಸಹಿಯ ಕೊನೆಯ ಗೆರೆ ಅಂಚಿನ ರಟ್ಟಿನ ಕೆಳಗೆ ನುಸುಳಿದ್ದು ಕಂಡಿತು. ಉಗುರಿನಿಂದ ಮೆಲ್ಲಗೆ ರಟ್ಟನ್ನು ಎಬ್ಬಿಸಿದ. ಅಡಿಯಲ್ಲಿ ಕಂದು ಶಾಯಿಯ ಒಂದು ಸೊಟ್ಟ ಬಾಲವಿತ್ತು, ಅಕ್ಕಿಕಾಳಿನಷ್ಟು.

“ಇಷ್ಟು” ಎಂದ. “ಇಷ್ಟ ಅವರದು ಉಳದೈತಿ, ಮಗಳ.”

ಸಲ್ಮಾ ಖಾರದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಆದರೂ ಮುಟ್ಟಲಿಲ್ಲ. ಸುಮ್ಮನೆ ಬಗ್ಗಿ ನೋಡಿದಳು.

ಕಿತ್ತು ಸೊಟ್ಟಗಾಗಿದ್ದ ರಟ್ಟನ್ನು ಒತ್ತಿ ಒಪ್ಪ ಮಾಡಲು ಶಂಭುಲಿಂಗನ ಬೆರಳು ತಾನಾಗಿಯೇ ಮುಂದೆ ಹೋಯಿತು.

“ಬ್ಯಾಡ ಕಾಕಾ” ಎಂದು ಸಲ್ಮಾ ಫೋಟೋವನ್ನು ತನ್ನ ಕಡೆ ಎಳೆದುಕೊಂಡಳು. “ಇನ್ನ ಏನೂ ತಿದ್ದಬ್ಯಾಡ್ರಿ.”