ರೈಲಿಗೊಂದು ಮಾರಿ

ನನಗೆ ಮುಖ ಬರೆಯಲು ಬರುವುದಿಲ್ಲ. ಆಳಂದದಲ್ಲಿ ಇಪ್ಪತ್ತೆರಡು ವರ್ಷದಿಂದ ಚಿತ್ರಕಲಾ ಮಾಸ್ತರನಾಗಿರುವವನು ಇದನ್ನು ಹೇಳಬಾರದು, ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು? ಮಾವಿನಹಣ್ಣು ಕೇಳಿ, ಬಿಂದಿಗೆ ಕೇಳಿ, ಎರಡು ಗುಡ್ಡಗಳ ನಡುವೆ ಸೂರ್ಯನನ್ನು ಕೇಳಿ, ಮಾತಾಡುತ್ತಲೇ ಬರೆದುಕೊಟ್ಟೇನು. ಮನುಷ್ಯರು ಬೇಕೇಬೇಕೆಂದರೆ ಬೆನ್ನು ತಿರುಗಿಸಿ ನಿಲ್ಲಿಸುತ್ತೇನೆ. ನನ್ನ ಚಿತ್ರಗಳಲ್ಲಿ ನೀರಿಗೆ ಹೊರಟ ಹೆಂಗಸರು ಇನ್ನೂ ಹೋಗುತ್ತಲೇ ಇದ್ದಾರೆ. ಒಬ್ಬಳೂ ಮನೆಗೆ ಮರಳಿಲ್ಲ.

ಇದರ ಮೂಲ ನಮ್ಮ ಅಬ್ಬಾ. ಅವರು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಕನ್ನಡ, ಉರ್ದು, ಮರಾಠಿ ಮೂರೂ ಅಕ್ಷರಗಳು ಅವರ ಕುಂಚದ ಮಾತು ಕೇಳುತ್ತಿದ್ದವು. ಆದರೆ ಕಣ್ಣು ಮಾತ್ರ ಬರೆಯುತ್ತಿರಲಿಲ್ಲ. ಕ್ಷೌರದಂಗಡಿಯವನು ಕ್ರಾಪು ಬಿಟ್ಟ ತಲೆ ಬೇಕೆಂದರೆ ಕತ್ತರಿ, ಕನ್ನಡಿ ಬರೆದು ಸಮಾಧಾನ ಮಾಡಿ ಕಳಿಸುವರು. "ಬೇಟಾ, ಕಣ್ಣು ಬರದಿ ಅಂದ್ರ ಅದು ನಿನ್ನ ನೋಡತದ. ಜೀವ ಕೊಡು ಅಂತದ. ಎಲ್ಲಿಂದ ತಂದು ಕೊಡ್ತಿ?" ಎಂದು ನನಗೆ ಹೇಳುವರು. ನಾನು ಚಿತ್ರಕಲೆ ಕಲಿಯಲು ಹೊರಟಾಗ ಬೇಡವೆನ್ನಲಿಲ್ಲ, ಕೈ ಹಿಡಿದು, ಕಣ್ಣೊಂದು ಬರೆಯಬೇಡ ಎಂದರು. ಹೂಂ ಅಂದೆ. ಅವರು ಹೋಗಿ ಒಂಬತ್ತು ವರ್ಷವಾಯಿತು. ಹೂಂ ಇನ್ನೂ ಇಲ್ಲೇ ಇದೆ.

ಹೀಗಿರುವಾಗ ಹಿರೋಳ್ಳಿ ಕಡೆಯ ಒಂದು ಪುಟ್ಟ ಶಾಲೆಯ ಮುಖ್ಯ ಗುರುಮಾತೆ ಶಾಂತಾಬಾಯಿಯವರಿಂದ ಫೋನು ಬಂತು. ಶಾಲೆಯ ಗೋಡೆಗೆ ರೈಲು ಬರೆಯಬೇಕು. ಈಗ ಎಲ್ಲ ಶಾಲೆಗಳೂ ರೈಲಾಗುತ್ತಿವೆ, ಅದು ದೊಡ್ಡ ಮಾತಲ್ಲ. ಆದರೆ ಇದು ಮಾತಾಡುವ ರೈಲು. ಒಂದನೇ ಇಯತ್ತೆಯ ಕೋಣೆ ಇಂಜಿನ್ನು, ಉಳಿದ ನಾಲ್ಕು ಬೋಗಿಗಳು, ಐದಕ್ಕೂ ಒಂದೊಂದು ಮುಖ, ಅವರ ಬಾಯಲ್ಲಿ ಮಾರಿ.

"ಟೀವ್ಯಾಗಿನ ಮಾರಿ ತಂದು ಅಂಟಿಸಬ್ಯಾಡ್ರಿ ಮತ್ತ. ಎಲ್ಲೂ ಇರಲಾರದ್ದು ಇರಬೇಕು. ಸಣ್ಣ ಹುಡುಗ್ರು ಅಳಕೋತ ಬಾಗಲಾಗ ನಿಂತಬಿಡ್ತಾವ್ರಿ. ರೈಲು ಬಾ ಅಂದ್ರ ಒಳಗ ಬಂದಾವು" ಎಂದರು.

ಬಾಗಿಲಲ್ಲಿ ಅಳುವ ಮಕ್ಕಳನ್ನು ನೆನೆದು ಇದಕ್ಕೂ ಹೂಂ ಅಂದೆ. ಒಂದು ಹೂಂ ಇನ್ನೊಂದರ ಕುತ್ತಿಗೆ ಹಿಡಿದದ್ದು ಫೋನಿಟ್ಟ ಮೇಲೆ ತಿಳಿಯಿತು.

ಕಣ್ಣಿನ ಮಾತು ಹಾಗಿರಲಿ, ರೈಲಿನ ಮುಖ ಎಲ್ಲಿರುತ್ತದೆ? ನಮ್ಮ ಆಳಂದಕ್ಕೆ ರೈಲೇ ಇಲ್ಲ, ಯಾರನ್ನು ಕೇಳಲಿ? ಅಫಜಲಪುರ ತಾಲೂಕಿನ ಗಾಣಗಾಪುರ ರೋಡ್ ಸ್ಟೇಷನ್ನಿಗೆ ಹೋಗಿ, ಬೆಂಚಿನ ಮೇಲೆ ಅರ್ಧ ದಿನ ಕೂತು ಬರುವ ಇಂಜಿನ್ನುಗಳ ಮೋರೆ ನೋಡಿದೆ. ನೋಡಿದಷ್ಟೂ ಗೊಂದಲ ಹೆಚ್ಚಿತು. ಬಾಯಿ ಎಲ್ಲಿ ಇಡಬೇಕು? ಕೊಂಡಿಯ ಜಾಗದಲ್ಲಿ ಇಟ್ಟರೆ, ಬೋಗಿಗಳು ಜೋಡಿಸಿಕೊಂಡಾಗ ಎಲ್ಲವೂ ಬಾಯಿ ಮುಚ್ಚಿದಂತೆ, ಮಾತಾಡುವುದು ಹೇಗೆ? ಹಿಂದಿನ ಬೋಗಿಗೆ ಮುಖವಿದ್ದರೂ ಜೀವನವೆಲ್ಲ ಮುಂದಿನದರ ಬೆನ್ನು ನೋಡುವುದೇ ಬಂತು. ಕಿವಿ ಬೇಕೋ ಬೇಡವೋ? ಅಷ್ಟು ಜೋರಾಗಿ ಕೂಗುವವರಿಗೆ ಸಾಮಾನ್ಯವಾಗಿ ಕಿವಿ ಇರುವುದಿಲ್ಲ.

ಜೇವರ್ಗಿಯಲ್ಲಿ ಲಾರಿಗಳಿಗೆ ಬಣ್ಣ ಬರೆಯುವ ಗೆಳೆಯ ಗುಂಡಪ್ಪನಿಗೆ ಫೋನು ಮಾಡಿದೆ. "ಮೊದಲ ಮೀಸಿ ಬರದಬಿಡ್ರಿ ಮಾಸ್ತರ, ಮಾರಿ ಅದರ ಬೆನ್ನ ಹತ್ತಿ ತಾನ ಬರ್ತದ" ಅಂದ. ಬರೆದೆ. ಮುಖವೂ ಬಂತು, ಆದರೆ ಹೊಸ ಮನೆಗೆ ದೃಷ್ಟಿ ತಾಗದಿರಲೆಂದು ಕಟ್ಟುವ ರಾಕ್ಷಸನ ಮುಖ. ಅಳುವ ಮಕ್ಕಳ ಜೊತೆ ಶಾಂತಾಬಾಯಿಯವರೂ ಅತ್ತಾರೆಂದು ಅಳಿಸಿದೆ.

ಅಂತೂ ಐದು ಮುಖಗಳು ಗೋಡೆಗೆ ಏರಿದವು. ಬದನೆಕಾಯಿ ಮೂಗು, ಜೋಳದ ರೊಟ್ಟಿಯಂಥ ಕೆನ್ನೆ, ಕಿವಿಯ ತನಕ ಹರಿದ ನಗು. "ಬರ್ರಿ, ಒಳಗ ಬರ್ರಿ" ಎಂದು ಬಾಯಿಯಿಂದ ಮಾತೂ ಹೊರಡಿಸಿದೆ. ಕಣ್ಣು ಮಾತ್ರ ನಾಳೆ ಎಂದೆ. ನಾಳೆ ಬಂದಾಗಲೂ ನಾಳೆ ಎಂದೆ. ಶಿಲ್ಪಿಗಳು ಕೂಡ ವಿಗ್ರಹದ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ತೆರೆಯುತ್ತಾರಂತೆ. ಅವರಿಗೂ ಅಬ್ಬಾನದೇ ಅಂಜಿಕೆ ಇದ್ದೀತೆಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಆದರೆ ಅವರು ಕೊನೆಗಾದರೂ ತೆರೆಯುತ್ತಾರಲ್ಲ!

ಶನಿವಾರ ಶಾಂತಾಬಾಯಿ ಸಿಟ್ಟಿಗೆದ್ದರು. "ಸೋಮವಾರ ಇಲಾಖೆ ಸಾಹೇಬ್ರು ಸಾಲಿ ನೋಡಾಕ ಬರ್ತಾರ. ಕುರುಡ ರೈಲು ನಮ್ಮ ಹುಡುಗ್ರನ್ನ ಎಲ್ಲಿಗಿ ಒಯ್ತದ್ರಿ?" ಕಪ್ಪು ಬಣ್ಣದಲ್ಲಿ ಕುಂಚ ಅದ್ದಿ ಇಂಜಿನ್ನಿನ ಮುಂದೆ ನಿಂತೆ. ಒಂಬತ್ತು ವರ್ಷದ ಹಿಂದೆ ಹೋದ ಅಬ್ಬಾ ಪಕ್ಕದಲ್ಲೇ ನಿಂತಂತಾಯಿತು. ಸೋಮವಾರ ನಸುಕಿನಲ್ಲೇ ಬಂದು ಬರೆಯುತ್ತೇನೆಂದು ಕುಂಚ ತೊಳೆದು ಮನೆಗೆ ಬಂದೆ. ಅಬ್ಬಾನ ಮಾತು ಮುರಿಯುವುದೇ ಸರಿಯೆಂದು ಭಾನುವಾರವೆಲ್ಲ ಮನಸ್ಸನ್ನು ಗಟ್ಟಿ ಮಾಡಿದೆ.

ಸೋಮವಾರ ಹೋಗಿ ನೋಡಿದರೆ ಐದೂ ಮುಖಗಳಿಗೆ ಕಣ್ಣುಗಳಿದ್ದವು!

ಭಾನುವಾರ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣಿನಲ್ಲಿ ಎತ್ತು ಮಾಡಿ, ಕಣ್ಣಿಗೆ ಕಾಳು ಒತ್ತುವ ಹಬ್ಬ. ಉಳಿದ ಮಣ್ಣನ್ನು ಊರ ಮಕ್ಕಳು ಶಾಲೆಗೆ ತಂದು, ಉಂಡೆ ಮಾಡಿ ತಂತಮ್ಮ ಇಯತ್ತೆಯ ಮುಖಕ್ಕೆ ಬಡಿದು, ನಡುವೆ ಒಂದೊಂದು ಬಿಳಿಜೋಳದ ಕಾಳು ಒತ್ತಿದ್ದರು. ಕರಿಯ ಗುಡ್ಡೆಯಲ್ಲಿ ಬೆಳ್ಳನೆಯ ಚುಕ್ಕಿ ಫಳಫಳ ಎನ್ನುತ್ತಿತ್ತು. ಇಂಜಿನ್ನಿನ ಕಣ್ಣಂತೂ ಬಾಯಿಗಿಂತ ಕೆಳಗೆ, ಗದ್ದದ ಮೇಲಿತ್ತು.

ಒಂದನೇ ಇಯತ್ತೆಯ ಭಾಗಮ್ಮ, ಮೊನ್ನೆ ತನಕ ಬಾಗಿಲಲ್ಲಿ ಅಳುತ್ತಿದ್ದವಳು, ಸೊಂಟದ ಮೇಲೆ ಕೈಯಿಟ್ಟು ನನಗೆ ತಿಳಿಸಿ ಹೇಳಿದಳು: "ಮಣ್ಣೆತ್ತಿಗಿ ಕಣ್ಣ ನಾವಾ ಹಚ್ಚತೀವ್ರಿ. ಮನ್ಯಾಗ ದೊಡ್ಡವ್ರು ಮೈ ಮಾಡಿ ನಮಗ ಕೊಡ್ತಾರ. ನೀವೂ ನಮಗ ಅಂತ ಬಿಟ್ಟೀರಿ ಅಂದ್ಕೊಂಡ್ವಿ."

ನನ್ನ ಹೇಡಿತನವನ್ನು ಆ ಮಗು ಊರಿನ ಪದ್ಧತಿ ಎಂದು ತಿಳಿದಿತ್ತು. ಹೌದವ್ವಾ, ನಿಮಗಂತಲೇ ಬಿಟ್ಟಿದ್ದೆ ಅಂದೆ. ಕಣ್ಣಲ್ಲಿ ನೀರು ಬಂತು. ಬಣ್ಣದ ವಾಸನೆ ಎಂದು ಹೇಳಿ ಒರೆಸಿಕೊಂಡೆ.

ಸಾಹೇಬರು ಬಂದರು. ಇಂಜಿನ್ನಿನ ಮುಂದೆ ಬಗ್ಗಿ ನೋಡಿ, "ಇದರ ಕಣ್ಣು ಬಾಯಿ ಕೆಳಗ ಯಾಕದಾವ್ರಿ?" ಎಂದು ನನ್ನನ್ನು ಕೇಳಿದರು. ನಾನು ತಡವರಿಸುವುದರೊಳಗೆ ಭಾಗಮ್ಮ ಉತ್ತರ ಕೊಟ್ಟಳು: "ನನಗ ಅಲ್ಲಿತನಕಾನ ಕೈ ನಿಲುಕತದ್ರಿ."

ಆಮೇಲೆ ನಾನು ಪಡಸಾಲೆಯುದ್ದಕ್ಕೂ ನಡೆದು ನೋಡಿದೆ. ಎರಡನೇ ಇಯತ್ತೆಯ ಬೋಗಿಗೆ ಕಣ್ಣು ತುಟಿಯ ಪಕ್ಕ, ಮೂರನೆಯದಕ್ಕೆ ಕೆನ್ನೆಯ ಮೇಲೆ, ನಾಲ್ಕನೆಯದಕ್ಕೆ ಮೂಗಿನ ಹತ್ತಿರ. ಐದನೆಯದಕ್ಕೆ ಇರಬೇಕಾದ ಜಾಗದಲ್ಲೇ ಇತ್ತು. ಆ ಐದನೆಯ ಮುಖವನ್ನು ಮಾತ್ರ ನಾನು ಎಲ್ಲೋ ನೋಡಿದ್ದೆ; ಉಳಿದ ನಾಲ್ಕು, ಶಾಂತಾಬಾಯಿ ಕೇಳಿದಂತೆ, ಎಲ್ಲೂ ಇರಲಾರದವು.

ಅಬ್ಬಾನಿಗೆ ಕೊಟ್ಟ ಮಾತು ಉಳಿಯಿತೋ ಮುರಿಯಿತೋ, ನನಗೆ ಈಗಲೂ ತಿಳಿಯದು. ನಾನು ಬರೆಯಲಿಲ್ಲ, ನಿಜ. ಆದರೆ ಅವು ನೋಡುತ್ತಿವೆ. ಜೀವ ಕೊಡು ಎಂದು ನನ್ನನ್ನು ಕೇಳುತ್ತಿಲ್ಲ, ಕೊಡುವವರು ಅವಕ್ಕೆ ಸಿಕ್ಕಿದ್ದಾರೆ. ಮಣ್ಣು ಒಣಗಿ ಉದುರುತ್ತದೆ, ಕಾಳನ್ನು ಗುಬ್ಬಿ ಹೆಕ್ಕುತ್ತದೆ, ಮಕ್ಕಳು ಮತ್ತೆ ಹಚ್ಚುತ್ತಾರೆ.

ಹೊರಡುವಾಗ ಶಾಂತಾಬಾಯಿ ಕೇಳಿದರು, "ಒಂದನೇ ಇಯತ್ತೆಯವ್ರಿಗಿ ಒಂದು ಸ್ಟೂಲ್ ಕೊಡ್ಲೇನ್ರಿ ಮಾಸ್ತರ? ಕಣ್ಣು ಸರಿ ಜಾಗಾದಾಗ ಬರ್ತಾವ."

"ಬ್ಯಾಡ್ರಿ" ಅಂದೆ. ಇಪ್ಪತ್ತೆರಡು ವರ್ಷದ ಮಾಸ್ತರಿಕೆಯಲ್ಲಿ ಗೊಂದಲವಿಲ್ಲದೆ ನಾನು ಆಡಿದ ಮಾತು ಅದೊಂದೇ ಇರಬೇಕು.